ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ವಿಮಾನದಲ್ಲಿ ಎಷ್ಟು ದೂರ? ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗ್ತಿದೆ

ಪುಟ್ಟಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ದೂರದ ಎರಡು ಊರು ಆರಿಸಿಕೊಂಡು, ಅವುಗಳ ನಡುವಿನ ವಿಮಾನದ ದೂರ ಎಷ್ಟು, ಅದನ್ನು ಹೇಗೆ ಕಂಡುಹಿಡಿದೆ ಅಂತ ಬರೆಯಬೇಕಂತೆ. ನಿಲ್ಲದೆ ಹಾರುವ ಫ್ಲೈಟುಗಳಲ್ಲಿ ಅತಿ ಉದ್ದದ್ದು ಸಿಂಗಾಪುರ–ನ್ಯೂಯಾರ್ಕ್ ಅಂತ ಎಲ್ಲೋ ಓದಿದ್ದಳು. ಅದನ್ನೇ ಹಿಡಿದುಕೊಂಡಳು.

ಈಗ ತೊಂದರೆ ಶುರುವಾಗಿದೆ. ಒಂದು ಕಡೆ 15,349 ಕಿ.ಮೀ. ಅಂತ ಇದೆ. ಅಕ್ಷಾಂಶ ರೇಖಾಂಶ ಹಾಕಿ ಸೂತ್ರದಿಂದ ಲೆಕ್ಕ ಮಾಡಿದರೆ 15,339 ಬಂತು. ನನ್ನ ತಮ್ಮ ಇದೇ ಫ್ಲೈಟಿನಲ್ಲಿ ಹೋದಾಗ ಸೀಟಿನ ಮುಂದಿನ ಸ್ಕ್ರೀನಿನ ಫೋಟೋ ಕಳಿಸಿದ್ದ. ಅದರಲ್ಲಿ ಹಾರಿದ ದೂರ 16,600ರ ಹತ್ತಿರ ಇದೆ. ಇವಳು ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೆದರೆ 20,000 ದಾಟಿತು!

ನಾಲ್ಕರಲ್ಲಿ ಯಾವುದನ್ನು ಬರೆಯಬೇಕು? "ಅಮ್ಮ, ದೂರ ಅಂದ್ರೆ ಒಂದೇ ಇರ್ಬೇಕು ಅಲ್ವಾ?" ಅಂತ ಕೇಳ್ತಿದ್ದಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ದೂರದ ದಾರಿ

15,349 ಬರೆಯಿರಿ. ಅದು ಸಿಂಗಾಪುರದ ಚಾಂಗಿಯಿಂದ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಕ್ಕೆ ಇರುವ ದೂರ. ವಿಮಾನದ ದೂರ ಅಂದರೆ ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ, ಊರಿನ ನಡುಮಧ್ಯದಿಂದ ಅಲ್ಲ. ಪಕ್ಕದ ನ್ಯೂವರ್ಕ್ ನಿಲ್ದಾಣಕ್ಕೆ ಹೋದರೆ 15,344.

ಸಿಂಗಾಪುರ್ ಏರ್‌ಲೈನ್ಸ್ ಈ ದಾರಿಯನ್ನು 2004ರಲ್ಲಿ ನ್ಯೂವರ್ಕ್‌ಗೆ ಶುರು ಮಾಡಿತು, 2013ರಲ್ಲಿ ನಿಲ್ಲಿಸಿತು, 2018ರ ಅಕ್ಟೋಬರಿನಲ್ಲಿ ಮತ್ತೆ ತಂದಿತು. 2020ರ ನವೆಂಬರಿನಿಂದ ಜೆಎಫ್‌ಕೆಗೂ ಹಾರುತ್ತಿದೆ. ಹದಿನೆಂಟು ಗಂಟೆಗೂ ಜಾಸ್ತಿ ಹೊತ್ತಿನ ಪ್ರಯಾಣ.

ಗಣಿತ ಮೇಷ್ಟ್ರು

ಪುಟ್ಟಿ ಒಳ್ಳೆಯ ಜೋಡಿ ಆರಿಸಿದ್ದಾಳೆ ತಾಯಿ. ಈ ಎರಡು ಊರುಗಳ ದೂರವನ್ನು ಸೈನ್, ಕೊಸೈನ್ ಏನೂ ಇಲ್ಲದೆ, ಬರೀ ಕೂಡಿಸಿ ಗುಣಿಸಿ ತೆಗೆಯಬಹುದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಚಾಂಗಿ ಇರುವುದು ಪೂರ್ವ ರೇಖಾಂಶ 104 ಡಿಗ್ರಿಯ ಹತ್ತಿರ. ಜೆಎಫ್‌ಕೆ ಪಶ್ಚಿಮ ರೇಖಾಂಶ 73.8ರಲ್ಲಿ. ಎರಡನ್ನೂ ಕೂಡಿಸಿದರೆ ಸುಮಾರು 178. ಭೂಮಿಯ ಸರಿ ಆಚೆ ಬದಿ ಅಂದರೆ 180 ಡಿಗ್ರಿ. ಹಾಗಾಗಿ ಈ ಎರಡು ಊರು ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳ ಮೇಲಿವೆ. ಹಾಗಿರುವಾಗ ಒಂದರಿಂದ ಇನ್ನೊಂದಕ್ಕೆ ಹತ್ತಿರದ ದಾರಿ ಯಾವುದು? ನೆಟ್ಟಗೆ ಉತ್ತರಕ್ಕೆ ಹೋಗಿ, ಉತ್ತರ ಧ್ರುವ ದಾಟಿ, ಆಚೆ ಕಡೆ ಇಳಿಯುವುದು.

ಸಿಂಗಾಪುರ ಸಮಭಾಜಕದಿಂದ 1.36 ಡಿಗ್ರಿ ಮೇಲಿದೆ. ಅಲ್ಲಿಂದ ಧ್ರುವಕ್ಕೆ 90ರಲ್ಲಿ 1.36 ಕಳೆದರೆ 88.64 ಡಿಗ್ರಿ. ಜೆಎಫ್‌ಕೆ 40.64 ಡಿಗ್ರಿಯಲ್ಲಿದೆ. ಧ್ರುವದಿಂದ ಅಲ್ಲಿಗೆ 49.36. ಎರಡೂ ಸೇರಿ ಸರಿಯಾಗಿ 138 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 111.2 ಕಿ.ಮೀ. 138ನ್ನು 111.2ರಿಂದ ಗುಣಿಸಿದರೆ 15,346.

ನೋಡಿದಿರಾ, 15,349ಕ್ಕೆ ಮೂರೇ ಕಿಲೋಮೀಟರ್ ಕಡಿಮೆ. ನಿಜವಾದ ಹತ್ತಿರದ ದಾರಿ ಧ್ರುವದ ನೆತ್ತಿ ಮೇಲೆ ಹೋಗುವುದಿಲ್ಲ, ಅದರಿಂದ ಒಂದು 280 ಕಿ.ಮೀ. ಪಕ್ಕಕ್ಕೆ ಹಾಯುತ್ತದೆ. ಎಷ್ಟು ವರ್ಷ ಪಾಠ ಮಾಡಿದರೂ ಈ ಲೆಕ್ಕ ಹಾಕುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಹೊಸ ಓದುಗ

ಮೇಷ್ಟ್ರೇ, ಒಂದು ಅರ್ಥ ಆಗಲಿಲ್ಲ. ನಕ್ಷೆಯಲ್ಲಿ ಸಿಂಗಾಪುರ ಬಲಗಡೆ, ನ್ಯೂಯಾರ್ಕ್ ಎಡಗಡೆ. ನಡುವೆ ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ಬರುತ್ತವೆ. ಉತ್ತರ ಧ್ರುವ ಎಲ್ಲಿಂದ ಬಂತು?

ಗಣಿತ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪುಟ್ಟಿಯ ಸ್ಕೇಲ್ 20,000 ದಾಟಿದ್ದೂ ಇದೇ ಕಾರಣಕ್ಕೆ.

ಚೆಂಡಿನ ಮೇಲ್ಮೈಯನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಕಾಗದದ ಮೇಲೆ ಹಾಸಲು ಆಗುವುದೇ ಇಲ್ಲ. ಗೋಡೆ ನಕ್ಷೆಯಲ್ಲಿ ಧ್ರುವದ ಕಡೆಯದ್ದೆಲ್ಲ ಅಡ್ಡಕ್ಕೆ ಹಿಗ್ಗಿರುತ್ತದೆ. 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆ ಹಡಗಿನವರಿಗಾಗಿ. ಅದರಲ್ಲಿ ನೇರ ಗೆರೆ ಎಳೆದರೆ ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಆ ಗೆರೆಯ ಮೇಲೆ ಹೋಗಬಹುದು. ಸಾಗರದಲ್ಲಿ ಅದು ದೊಡ್ಡ ಉಪಕಾರ. ಆದರೆ ದೂರ ಅಳೆಯಲು ಅದು ಮಾಡಿದ್ದಲ್ಲ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಹದಿನಾಲ್ಕು ಪಟ್ಟು ದೊಡ್ಡದು.

ಒಂದು ಗ್ಲೋಬ್, ಒಂದು ದಾರ ತೆಗೆದುಕೊಳ್ಳಿ. ದಾರದ ಒಂದು ತುದಿ ಸಿಂಗಾಪುರದ ಮೇಲೆ, ಇನ್ನೊಂದು ನ್ಯೂಯಾರ್ಕ್ ಮೇಲೆ. ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿಕೊಂಡು ಹೋಗಿ ಲಾವೋಸ್, ಚೀನಾ, ಮಂಗೋಲಿಯಾ, ಸೈಬೀರಿಯಾ, ಉತ್ತರದ ಹಿಮಸಾಗರ, ಕೆನಡಾ, ಹೀಗೆ ಕೂತುಬಿಡುತ್ತದೆ. ಆ ದಾರವನ್ನು ಮುಂದುವರಿಸಿದರೆ ಗ್ಲೋಬನ್ನು ಎರಡು ಸಮ ಹೋಳು ಮಾಡುವ ಬಳೆ ಸಿಗುತ್ತದೆ. ಅದಕ್ಕೇ ಮಹಾವೃತ್ತ ಅಥವಾ ಗ್ರೇಟ್ ಸರ್ಕಲ್ ಅನ್ನುತ್ತಾರೆ. ಟಿಕೆಟಿನಲ್ಲಿ, ಪಟ್ಟಿಗಳಲ್ಲಿ ಬರುವ ದೂರ ಈ ದಾರದ ದೂರ.

ಪುಟ್ಟಿ ಅಮ್ಮ

ಮೇಷ್ಟ್ರೇ, ಕೂಡಿಸುವ ಲೆಕ್ಕವನ್ನು ಅವಳು ಮೂರು ಸಲ ಮಾಡಿದಳು. ಮೂರು ಸಲವೂ ಬಂತು! ಈಗ ಅವಳ ಹೊಸ ಪ್ರಶ್ನೆ. 15,339 ಮತ್ತು 15,349ರ ನಡುವೆ ಆ ಹತ್ತು ಕಿಲೋಮೀಟರ್ ಎಲ್ಲಿ ಹೋಯಿತು? ತಾನು ತಪ್ಪು ಮಾಡಿದೆ ಅಂದುಕೊಂಡಿದ್ದಾಳೆ.

ಗಣಿತ ಮೇಷ್ಟ್ರು

ಅವಳು ತಪ್ಪು ಮಾಡಿಲ್ಲ ಅಂತ ಮೊದಲು ಹೇಳಿ. ಅವಳ ಸೂತ್ರ ಭೂಮಿಯನ್ನು ಸರಿಯಾದ ಗುಂಡು ಅಂತ ತಿಳಿದುಕೊಂಡಿದೆ, 6,371 ಕಿ.ಮೀ. ತ್ರಿಜ್ಯದ ಗುಂಡು. ಭೂಮಿ ಹಾಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಧ್ರುವದ ಕಡೆ ಸ್ವಲ್ಪ ಚಪ್ಪಟೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಚಪ್ಪಟೆ ಅಂದಮೇಲೆ ಧ್ರುವದ ದಾರಿ ಕಡಿಮೆ ಆಗಬೇಕಲ್ಲ, ಜಾಸ್ತಿ ಹೇಗಾಯಿತು? ಡಿಗ್ರಿ ಅನ್ನುವುದು ನೆಲ ಎಷ್ಟು ಬಾಗಿದೆ ಅನ್ನುವುದರ ಲೆಕ್ಕ. ಧ್ರುವದ ಹತ್ತಿರ ನೆಲ ಕಡಿಮೆ ಬಾಗುತ್ತದೆ. ಹಾಗಾಗಿ ಒಂದು ಡಿಗ್ರಿ ಬಾಗಬೇಕಾದರೆ ಜಾಸ್ತಿ ನಡೆಯಬೇಕು. ಸಮಭಾಜಕದ ಹತ್ತಿರ ಉತ್ತರ–ದಕ್ಷಿಣದ ಒಂದು ಡಿಗ್ರಿ 110.6 ಕಿ.ಮೀ., ಧ್ರುವದ ಹತ್ತಿರ 111.7. ಸಿಂಗಾಪುರ–ನ್ಯೂಯಾರ್ಕ್ ದಾರಿಯ ಹೆಚ್ಚು ಭಾಗ ಉತ್ತರದಲ್ಲೇ ಇದೆ. ಒಂದೊಂದು ಡಿಗ್ರಿಗೂ ಚೂರುಚೂರು ಸೇರಿ ಹತ್ತು ಕಿ.ಮೀ. ಆಯಿತು.

ಇದನ್ನು ತಿಳಿಯಲು 1730ರ ದಶಕದಲ್ಲಿ ಫ್ರೆಂಚರು ಎರಡು ತಂಡ ಕಳಿಸಿದ್ದರು. ಒಂದು ತಂಡ ಈಗಿನ ಈಕ್ವೆಡಾರ್‌ಗೆ ಹೋಯಿತು. ಇನ್ನೊಂದು ಮೋಪರ್ಟ್ವಿ ಅನ್ನುವ ವಿಜ್ಞಾನಿಯ ಜೊತೆ ಉತ್ತರದ ಲ್ಯಾಪ್‌ಲ್ಯಾಂಡಿಗೆ. ಎರಡೂ ಕಡೆ ನೆಲದ ಮೇಲೆ ಒಂದು ಡಿಗ್ರಿ ಎಷ್ಟು ಉದ್ದ ಅಂತ ಅಳೆದರು. ಉತ್ತರದ ಡಿಗ್ರಿ ಉದ್ದ ಬಂತು, ಭೂಮಿ ಧ್ರುವದ ಕಡೆ ಚಪ್ಪಟೆಯೋ ಅಲ್ಲವೋ ಅನ್ನುವ ಜಗಳ ಅಲ್ಲಿಗೆ ತೀರಿತು. ಪುಟ್ಟಿಗೆ ಸಿಕ್ಕ ಹತ್ತು ಕಿಲೋಮೀಟರೂ ಅದೇ ವಿಷಯ. ಪ್ರಾಜೆಕ್ಟಿನಲ್ಲಿ ಎರಡೂ ಅಂಕಿ ಬರೆದು ಕಾರಣ ಬರೆಯಲಿ.

ಕಿಟಕಿ ಸೀಟು

ವಿಮಾನ ನೆಲದ ಮೇಲೆ ಹೋಗಲ್ಲ ಅಲ್ವಾ, 11 ಕಿ.ಮೀ. ಎತ್ತರದಲ್ಲಿ ಹೋಗುತ್ತೆ. ಅಷ್ಟು ಎತ್ತರದಲ್ಲಿ ವೃತ್ತ ದೊಡ್ಡದಾಗುತ್ತೆ. ಅದಕ್ಕೇ 16,600 ಬಂದಿರಬೇಕು.

ಗಣಿತ ಮೇಷ್ಟ್ರು

ಯೋಚನೆ ಸರಿ, ಆದರೆ ಅದರ ಪಾಲು ಬಹಳ ಸಣ್ಣದು. 6,371ರಲ್ಲಿ 11 ಅಂದರೆ ನೂರಕ್ಕೆ 0.17. ಇಡೀ ದಾರಿಗೆ ಸುಮಾರು 26 ಕಿ.ಮೀ. ಅಷ್ಟೇ. 1,250 ಕಿ.ಮೀ. ಹೆಚ್ಚಾಗಿದ್ದಕ್ಕೆ ಬೇರೆ ಕಾರಣ ಇದೆ. ಅದನ್ನು ನಾನು ಹೇಳುವುದಕ್ಕಿಂತ ಆ ಕೆಲಸ ಮಾಡಿದವರು ಹೇಳಿದರೆ ಚೆನ್ನ.

ಹಳೇ ಡಿಸ್ಪ್ಯಾಚರ್

ನಾನು ಇಪ್ಪತ್ತೆರಡು ವರ್ಷ ಫ್ಲೈಟ್ ಡಿಸ್ಪ್ಯಾಚ್‌ನಲ್ಲಿದ್ದೆ. ಅಂದರೆ ವಿಮಾನ ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಇಂಧನ ತುಂಬಿಸಿಕೊಂಡು ಹೋಗಬೇಕು ಅಂತ ಹೊರಡುವ ಮುಂಚೆ ಲೆಕ್ಕ ಹಾಕಿ ಪೈಲಟ್‌ಗೆ ಕೊಡುವ ಕೆಲಸ. ತಮ್ಮ ಕಳಿಸಿದ ಆ ಫೋಟೋ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ ತಂಗಿ.

ಮೊದಲು ಮೇಷ್ಟ್ರ ದಾರದ ದಾರಿಯಲ್ಲಿ ಯಾಕೆ ಹೋಗುವುದಿಲ್ಲ ಅಂತ ನೋಡಿ. ದಾರ ಚೀನಾದೊಳಗೆ ಟಿಬೆಟ್ ಪ್ರಸ್ಥಭೂಮಿಯ ಅಂಚಿನಲ್ಲಿ ಹಾಯುತ್ತದೆ. ಮೇಲೆ ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಹೋಯಿತು ಅಂದುಕೊಳ್ಳಿ. ಪೈಲಟ್ ಬೇಗನೆ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಯಬೇಕು. ಪ್ರಯಾಣಿಕರ ಮಾಸ್ಕಿಗೆ ಬರುವ ಆಮ್ಲಜನಕ ಕೆಲವೇ ನಿಮಿಷದ್ದು. ಕೆಳಗೆ ನೆಲವೇ ಅದಕ್ಕಿಂತ ಎತ್ತರ ಇದ್ದರೆ ಇಳಿಯುವುದೆಲ್ಲಿ? ಅದಕ್ಕೇ ಅಂಥ ಕಡೆ ಹಾಯಬೇಕಾದರೆ ತಪ್ಪಿಸಿಕೊಳ್ಳುವ ದಾರಿಗಳನ್ನು ಮೊದಲೇ ಗುರುತು ಮಾಡಿರಬೇಕು. ಹೆಚ್ಚಿನ ಫ್ಲೈಟುಗಳು ಆ ಜಾಗವನ್ನೇ ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಆಮೇಲೆ ರಷ್ಯಾ ಆಕಾಶ. ಅದನ್ನು ದಾಟಲು ಅನುಮತಿ ಬೇಕು. ಆಮೇಲೆ ಧ್ರುವದ ಚಳಿ. ವಿಮಾನದ ಇಂಧನದಲ್ಲಿ ಎರಡು ಬಗೆ. ಜಗತ್ತಿನ ಬಹುತೇಕ ಕಡೆ ಸಿಗುವ ಜೆಟ್ ಎ-1 ಮೈನಸ್ 47 ಡಿಗ್ರಿಯವರೆಗೆ ಗಟ್ಟಿಯಾಗುವುದಿಲ್ಲ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎಗೆ ಮಿತಿ ಮೈನಸ್ 40. ಹಾಗಾಗಿ ನ್ಯೂಯಾರ್ಕಿನಿಂದ ಹೊರಟು ಧ್ರುವದ ಕಡೆ ಹೋಗುವಾಗ ಟ್ಯಾಂಕಿನ ಇಂಧನ ಎಷ್ಟು ತಣ್ಣಗಾಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕಬೇಕು. ಸಮಭಾಜಕದ ಮೇಲೆ ನಿಂತ ಉಪಗ್ರಹಗಳು 82 ಡಿಗ್ರಿ ಅಕ್ಷಾಂಶದ ಆಚೆ ಕಾಣಿಸುವುದಿಲ್ಲ, ರೇಡಿಯೋ ವ್ಯವಸ್ಥೆ ಬೇರೆ ಬೇಕು. ಇದೆಲ್ಲ ಆಗದ ಕೆಲಸ ಅಂತಲ್ಲ. ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ 1957ರಲ್ಲೇ ಕೋಪನ್‌ಹೇಗನ್‌ನಿಂದ ಆಂಕರೇಜ್ ಮೂಲಕ ಟೋಕಿಯೋಗೆ ಧ್ರುವದ ದಾರಿಯಲ್ಲಿ ಫ್ಲೈಟ್ ಹಾರಿಸಿತು. ಆದರೆ ದಿನಾ ಅದೇ ದಾರಿ ಲಾಭ ಅಲ್ಲ.

ಈಗ ಮುಖ್ಯ ವಿಷಯ, ಗಾಳಿ. ಪ್ರಯಾಣಿಕರಿಗೆ ದೂರ ಅಂದರೆ ನೆಲದ ಮೇಲಿನ ದೂರ. ನಮಗೆ ಇನ್ನೊಂದು ದೂರ ಇದೆ, ಏರ್ ಡಿಸ್ಟೆನ್ಸ್. ವಿಮಾನ ಗಾಳಿಯೊಳಗೆ ಎಷ್ಟು ಹಾರಿತು ಅನ್ನುವ ಲೆಕ್ಕ. ಇಂಧನ ಖರ್ಚಾಗುವುದು ಆ ದೂರಕ್ಕೆ.

ಒಂದು ಮಾದರಿ ಲೆಕ್ಕ ಕೊಡುತ್ತೇನೆ. ವಿಮಾನ ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ಹಾರುತ್ತದೆ ಅನ್ನಿ. ಗಾಳಿಯೇ ಇಲ್ಲದ ದಿನ 15,349 ಕಿ.ಮೀ. ದಾರಿಗೆ 17 ಗಂಟೆ 3 ನಿಮಿಷ. ಈಗ ಪೆಸಿಫಿಕ್ ಕಡೆಯಿಂದ 16,600 ಕಿ.ಮೀ. ಸುತ್ತು ದಾರಿ. ಅಲ್ಲಿ ಹಿಂದಿನಿಂದ ತಳ್ಳುವ ಗಾಳಿ ಸರಾಸರಿ ಗಂಟೆಗೆ 80 ಕಿ.ಮೀ. ನೆಲದ ಮೇಲೆ ವೇಗ 980 ಆಯಿತು. 16,600ನ್ನು 980ರಿಂದ ಭಾಗಿಸಿ. 16 ಗಂಟೆ 56 ನಿಮಿಷ. ಅಷ್ಟು ಹೊತ್ತಿನಲ್ಲಿ ವಿಮಾನ ಗಾಳಿಯೊಳಗೆ ಹಾರಿದ್ದು ಸುಮಾರು 15,245 ಕಿ.ಮೀ. ಮಾತ್ರ. ನೆಲದ ಮೇಲೆ ಸಾವಿರದ ಇನ್ನೂರು ಕಿ.ಮೀ. ಜಾಸ್ತಿ ಹೋದರೂ ಗಾಳಿಯ ಲೆಕ್ಕದಲ್ಲಿ ಕಡಿಮೆಯೇ ಹೋಯಿತು!

ತಮ್ಮನ ಸ್ಕ್ರೀನ್ ಸುಳ್ಳು ಹೇಳಿಲ್ಲ. ಆ ದಿನದ ಗಾಳಿಗೆ ಅದೇ ಒಳ್ಳೆಯ ದಾರಿ ಅಂತ ನನ್ನಂಥವರು ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಮಾರನೇ ದಿನದ ಫ್ಲೈಟಿಗೆ ಬೇರೆ ಅಂಕಿ ಬಂದಿರುತ್ತದೆ.

ಕಿಟಕಿ ಸೀಟು

ಸರ್, ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ 2016ರ ಆ ಸುದ್ದಿಯೂ ಇದೇ ಅನ್ನಿ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಫ್ಲೈಟ್ ಮೊದಲು ಅಟ್ಲಾಂಟಿಕ್ ಮೇಲೆ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. ಆ ವರ್ಷ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆ ತಿರುಗಿಸಿದರು. ದೂರ 15,300 ಆಯಿತು, ಹೊತ್ತು ಮಾತ್ರ ಎರಡು ಗಂಟೆಯಷ್ಟು ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಬಂತು. ಜಾಸ್ತಿ ದೂರ ಹೋಗಿ ಬೇಗ ಮುಟ್ಟಿದ್ದು ಹೇಗೆ ಅಂತ ಆಗ ತಲೆಗೆ ಹೋಗಿರಲಿಲ್ಲ.

ಹಳೇ ಡಿಸ್ಪ್ಯಾಚರ್

ಅದೇ. ಪೂರ್ವಕ್ಕೆ ಹಾರಿದರೆ ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದಲ್ಲಿ ಪೂರ್ವದ ಕಡೆ ಬೀಸುವ ಜೋರು ಗಾಳಿ, ಹಿಂದಿನಿಂದ ತಳ್ಳುತ್ತದೆ. ಪಶ್ಚಿಮಕ್ಕೆ ಹಾರಿದರೆ ಅದೇ ಗಾಳಿ ಎದುರಿಗೆ ನಿಲ್ಲುತ್ತದೆ. ಈ ಗಾಳಿಯನ್ನು ಚೆನ್ನಾಗಿ ಅಳೆದವರಲ್ಲಿ ಮೊದಲಿಗರು ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಸಿ ಅಳೆದರು. ಜಗತ್ತಿಗೆಲ್ಲ ತಲುಪಲಿ ಅಂತ, ಎಲ್ಲ ದೇಶದವರಿಗೂ ಆಗಲಿ ಎಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಪಾಪ, ಆಗ ಹೆಚ್ಚು ಜನ ಓದಲಿಲ್ಲ. ಆ ಕೆಲಸದ ಬೆಲೆ ನನಗೆ ಗೊತ್ತು, ಅದಕ್ಕೇ ಹೆಸರು ಹೇಳಿದೆ.

ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜೋರು. 2020ರ ಫೆಬ್ರವರಿಯಲ್ಲಿ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಹೋಯಿತು. ಮಾಮೂಲಿಯಾಗಿ ಆರು ಗಂಟೆಗೂ ಮೇಲೆ. ಉತ್ತರ ಅಟ್ಲಾಂಟಿಕ್ ಮೇಲಿನ ಸಾಲುದಾರಿಗಳನ್ನು ಗಾಳಿ ನೋಡಿಕೊಂಡು ದಿನಕ್ಕೆ ಎರಡು ಸಲ ಹೊಸದಾಗಿ ಹಾಕುತ್ತಾರೆ. ಪೂರ್ವಕ್ಕೆ ಹೋಗುವವರಿಗೆ ಒಂದು, ಪಶ್ಚಿಮಕ್ಕೆ ಹೋಗುವವರಿಗೆ ಇನ್ನೊಂದು.

ಹೊಸ ಓದುಗ

ನಾನು ಇಷ್ಟು ದಿನ ಬೇರೆಯೇ ಅಂದುಕೊಂಡಿದ್ದೆ. ಭೂಮಿ ಪೂರ್ವಕ್ಕೆ ತಿರುಗುತ್ತೆ ಅಲ್ವಾ, ಹಾಗಾಗಿ ಪಶ್ಚಿಮಕ್ಕೆ ಹಾರಿದರೆ ಊರು ತಾನೇ ಎದುರಿಗೆ ಬರಬೇಕು ಅಂತ. ಇದು ಉಲ್ಟಾ ಆಯಿತಲ್ಲ?

ಗಣಿತ ಮೇಷ್ಟ್ರು

ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ. ಸಮಭಾಜಕದಲ್ಲಿ ನೆಲ ಗಂಟೆಗೆ 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಗಾಳಿ ಜೊತೆಗೆ ಬರದಿದ್ದರೆ ನಾವು ಯಾರೂ ನಿಲ್ಲಲು ಆಗುತ್ತಿರಲಿಲ್ಲ. ವಿಮಾನ ನೆಲ ಬಿಡುವಾಗಲೂ ಆ ವೇಗ ಅದರ ಜೊತೆಗೇ ಇರುತ್ತದೆ. ಓಡುವ ರೈಲಿನಲ್ಲಿ ಚೆಂಡು ಮೇಲಕ್ಕೆ ಎಸೆದರೆ ಕೈಗೇ ಬೀಳುವ ಹಾಗೆ. ಭೂಮಿಯ ತಿರುಗಾಟ ವಿಮಾನಕ್ಕೆ ತಟ್ಟುವುದು ಬೇರೆ ರೀತಿಯಲ್ಲಿ. ಸಮಭಾಜಕದ ಬಿಸಿ ಮತ್ತು ಧ್ರುವದ ತಂಪಿನ ವ್ಯತ್ಯಾಸದಿಂದ ಹೊರಟ ಗಾಳಿಯನ್ನು ಅದು ಪೂರ್ವದ ಕಡೆ ತಿರುಗಿಸುತ್ತದೆ. ಜೆಟ್ ಸ್ಟ್ರೀಮ್ ಹುಟ್ಟುವುದೇ ಹಾಗೆ.

ನೇರ ಮಾತು

ಎಲ್ಲ ಓದಿದೆ. ನನ್ನ ಅಭಿಪ್ರಾಯ ಬೇರೆ. ಯಾವ ವಿಮಾನವೂ ಹಾರದ 15,349ನ್ನು ವಿಮಾನದ ದೂರ ಅಂತ ಯಾಕೆ ಬರೆಯಬೇಕು? ಅದು ಕಾಗದದ ಮೇಲಿನ ದೂರ. ಮಗು ಪ್ರಾಜೆಕ್ಟಿನಲ್ಲಿ 16,600 ಬರೆಯಲಿ. ಅದು ಒಬ್ಬರು ನಿಜವಾಗಿ ಹಾರಿದ ದೂರ, ಫೋಟೋ ಸಾಕ್ಷಿಯೂ ಇದೆ. ಈಗ ಹೆಲ್ಸಿಂಕಿ–ಟೋಕಿಯೋ ನೋಡಿ. 2022ರಲ್ಲಿ ರಷ್ಯಾ ಆಕಾಶ ಮುಚ್ಚಿದ ಮೇಲೆ ಒಂಬತ್ತು ಗಂಟೆಯ ದಾರಿ ಹದಿಮೂರು ಗಂಟೆ ಆಯಿತು. ಫಿನ್‌ಏರ್ ಧ್ರುವದ ಮೇಲೆ ಸುತ್ತಿಕೊಂಡು ಹೋಗಬೇಕಾಯಿತು. ಕೂತವರಿಗೆ ನಾಲ್ಕು ಗಂಟೆ ಜಾಸ್ತಿ ಆಗಿರುವಾಗ "ದೂರ ಬದಲಾಗಿಲ್ಲ" ಅಂದರೆ ಯಾರು ಒಪ್ಪುತ್ತಾರೆ?

ದೂರದ ದಾರಿ

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೆ ಕಾಗದದ ದೂರ ಅಂತ ತಳ್ಳಿಹಾಕಬೇಡಿ. ಅದರಿಂದ ಜನರ ಹಕ್ಕು ತೀರ್ಮಾನ ಆಗುತ್ತದೆ.

ಯುರೋಪಿನಲ್ಲಿ ಫ್ಲೈಟ್ ತಡವಾದರೆ, ರದ್ದಾದರೆ ಪರಿಹಾರ ಕೊಡುವ ಕಾನೂನು 2004ರದ್ದು. ಅದರಲ್ಲಿ 1,500 ಕಿ.ಮೀ. ಮತ್ತು 3,500 ಕಿ.ಮೀ. ಅಂತ ಮೆಟ್ಟಿಲುಗಳಿವೆ. ಆ ದೂರವನ್ನು ಗ್ರೇಟ್ ಸರ್ಕಲ್ ಲೆಕ್ಕದಲ್ಲೇ ಅಳೆಯಬೇಕು ಅಂತ ಕಾನೂನಿನಲ್ಲೇ ಬರೆದಿದೆ. ನಡುವೆ ಒಂದು ಊರಿನಲ್ಲಿ ವಿಮಾನ ಬದಲಾಯಿಸಿದರೆ? ಎರಡು ತುಂಡು ದೂರ ಕೂಡಿಸುವಂತಿಲ್ಲ, ಹೊರಟ ಊರಿನಿಂದ ಕೊನೆಯ ಊರಿಗೆ ನೇರ ದೂರವೇ ಲೆಕ್ಕ ಅಂತ 2017ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದೆ.

ನನಗೇ ಒಮ್ಮೆ ಇದು ಬೇಕಾಯಿತು. ತಡವಾದ ಒಂದು ಫ್ಲೈಟಿಗೆ ಪರಿಹಾರ ಕೇಳಿದಾಗ ಕಂಪನಿಯವರು ಕೆಳಗಿನ ಮೆಟ್ಟಿಲಿನ ಮೊತ್ತ ಕೊಡಲು ಬಂದರು. ನಾನು ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ಹಾಕಿ, ದೂರ ಲೆಕ್ಕ ಮಾಡಿ, ಪತ್ರದ ಜೊತೆ ಕಳಿಸಿದೆ. 3,500ಕ್ಕಿಂತ ನಲವತ್ತು ಚಿಲ್ಲರೆ ಕಿ.ಮೀ. ಜಾಸ್ತಿ ಇತ್ತು. ಎರಡು ವಾರದಲ್ಲಿ ಪೂರ್ತಿ ಮೊತ್ತ ಬಂತು. ಅವತ್ತಿನ ಗಾಳಿ ಹೇಗಿತ್ತು, ಪೈಲಟ್ ಯಾವ ಕಡೆ ತಿರುಗಿಸಿದರು ಅನ್ನುವುದರ ಮೇಲೆ ನನ್ನ ಹಕ್ಕು ನಿಂತಿದ್ದರೆ ಯಾರಿಗೂ ಅದನ್ನು ಸಾಬೀತು ಮಾಡಲು ಆಗುತ್ತಿರಲಿಲ್ಲ.

ಹಳೇ ಡಿಸ್ಪ್ಯಾಚರ್

ಇಬ್ಬರೂ ಸರಿ. ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ ಸಂಸ್ಥೆ ಐಕಾವೊ ಇಂಗಾಲದ ಹೊಗೆ ಲೆಕ್ಕ ಹಾಕುವಾಗ ಎರಡನ್ನೂ ಒಪ್ಪಿಕೊಳ್ಳುತ್ತದೆ. ಗ್ರೇಟ್ ಸರ್ಕಲ್ ದೂರ ತೆಗೆದುಕೊಂಡು, ಅದಕ್ಕೆ ಸುತ್ತಾಟದ ಪಾಲು ಅಂತ ಸ್ವಲ್ಪ ಸೇರಿಸುತ್ತದೆ. 550 ಕಿ.ಮೀ. ಒಳಗಿದ್ದರೆ 50, ಅಲ್ಲಿಂದ 5,500ರವರೆಗೆ 100, ಅದಕ್ಕೂ ಮೇಲೆ 125 ಕಿ.ಮೀ. ಏರುವಾಗ, ಇಳಿಯುವಾಗ ರನ್‌ವೇ ದಿಕ್ಕಿಗೆ ತಿರುಗಬೇಕು, ಕೆಲವು ಸಲ ಇಳಿಯಲು ಸರದಿ ಕಾಯುತ್ತಾ ಸುತ್ತಬೇಕು. ಅದಕ್ಕೆಲ್ಲ ಸೇರಿ.

ಕಿಟಕಿ ಸೀಟು

ಒಂದು ಕೇಳಬೇಕಿತ್ತು. 15,349 ಹಾರಬಹುದು ಅಂದಮೇಲೆ 17,000 ಯಾಕೆ ಹಾರಬಾರದು? ಸಿಡ್ನಿ–ಲಂಡನ್ ನಿಲ್ಲದೆ ಹೋಗುವ ಮಾತು ಎಷ್ಟೋ ವರ್ಷದಿಂದ ಕೇಳ್ತಿದ್ದೀನಿ.

ಹಳೇ ಡಿಸ್ಪ್ಯಾಚರ್

ಖಾಲಿ ವಿಮಾನಕ್ಕೆ ಅದು ಕಷ್ಟ ಅಲ್ಲ. 1989ರ ಆಗಸ್ಟಿನಲ್ಲೇ ಕ್ವಾಂಟಸ್ ತನ್ನ ಹೊಸ 747-400ನ್ನು ಲಂಡನ್ನಿನಿಂದ ಸಿಡ್ನಿಗೆ ನಿಲ್ಲದೆ ತಂದಿತು. ಇಪ್ಪತ್ತು ಗಂಟೆ ಒಂಬತ್ತು ನಿಮಿಷ. 2005ರ ನವೆಂಬರಿನಲ್ಲಿ ಬೋಯಿಂಗ್ 777-200 ಎಲ್‌ಆರ್ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಹತ್ತಿರದ ದಾರಿ ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೊರಟು 21,602 ಕಿ.ಮೀ. ಹಾರಿತು. ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ ಗ್ರೇಟ್ ಸರ್ಕಲ್ ದೂರ ಸುಮಾರು 20,000 ಕಿ.ಮೀ. ಮೀರಲು ಆಗುವುದಿಲ್ಲ. ಅಂದರೆ ಅದು ಜಗತ್ತಿನ ಅತಿ ದೂರದ ಊರಿಗೂ ಹೋಗಿ ಇನ್ನೂ ಮುಂದೆ ಹೋಗುವಷ್ಟು ಹಾರಿತ್ತು.

ಕಷ್ಟ ಇರುವುದು ಜನರನ್ನು ತುಂಬಿಸಿಕೊಂಡು ಹೋಗುವುದರಲ್ಲಿ. ಸಿಂಗಾಪುರ–ನ್ಯೂಯಾರ್ಕ್‌ಗೆ ಹೋಗುವ ಏರ್‌ಬಸ್ ಎ350-900 ಯುಎಲ್‌ಆರ್ ತೆಗೆದುಕೊಳ್ಳಿ. ಇಂಧನ 1,65,000 ಲೀಟರ್ ಹಿಡಿಯುತ್ತದೆ. ಪೂರ್ತಿ ತುಂಬಿಸಿದರೆ ಸುಮಾರು 130 ಟನ್. ಏರುವಾಗ ವಿಮಾನದ ಗರಿಷ್ಠ ತೂಕ 280 ಟನ್. ಹೆಚ್ಚುಕಡಿಮೆ ಅರ್ಧ ಭಾಗ ಇಂಧನವೇ! ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ದೊಡ್ಡ ಪಾಲು, ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ಹೋಗುತ್ತದೆ. ದೂರ ಜಾಸ್ತಿ ಆದಷ್ಟೂ ಇದು ಬೆಳೆಯುತ್ತದೆ. ಅದಕ್ಕೇ ಆ ವಿಮಾನದಲ್ಲಿ 161 ಸೀಟು ಮಾತ್ರ, ಎಕಾನಮಿ ಕ್ಲಾಸೇ ಇಲ್ಲ.

ಕ್ವಾಂಟಸ್ 2019ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್–ಸಿಡ್ನಿ ಪ್ರಯೋಗ ಮಾಡಿದಾಗ ವಿಮಾನದಲ್ಲಿದ್ದದ್ದು 49 ಜನ. 19 ಗಂಟೆ 16 ನಿಮಿಷ ಹಾರಿತು. ಸಿಡ್ನಿ–ಲಂಡನ್ ಸುಮಾರು 17,000 ಕಿ.ಮೀ. ಅದಕ್ಕಾಗಿ ಅವರು ಆರಿಸಿಕೊಂಡ ಎ350-1000ರಲ್ಲಿ 20,000 ಲೀಟರಿನ ಇನ್ನೊಂದು ಟ್ಯಾಂಕ್ ಕೂರಿಸಲಾಗಿದೆ.

ದೂರದ ದಾರಿ

ಇದಕ್ಕೆ ಸೇರಿಸಬೇಕಾದದ್ದು ಒಂದಿದೆ. 2020ರ ಮಾರ್ಚಿನಲ್ಲಿ ಏರ್ ತಾಹಿತಿ ನುಯಿ ತಾಹಿತಿಯ ಪಪೀಟೆಯಿಂದ ಪ್ಯಾರಿಸ್‌ಗೆ ನಿಲ್ಲದೆ ಹಾರಿತು, 15,715 ಕಿ.ಮೀ. ಸಾಮಾನ್ಯವಾಗಿ ಲಾಸ್ ಏಂಜಲಿಸ್‌ನಲ್ಲಿ ನಿಲ್ಲುವ ಫ್ಲೈಟ್ ಅದು. ಕೊರೊನಾ ನಿರ್ಬಂಧದಿಂದ ಅಮೆರಿಕದಲ್ಲಿ ನಿಲ್ಲಲು ಆಗಲಿಲ್ಲ. ಪ್ರಯಾಣಿಕರು ಕಡಿಮೆ, ವಿಮಾನ ಹಗುರ, ಹಾಗಾಗಿ ಸಾಧ್ಯವಾಯಿತು. ತಾಹಿತಿ ಇರುವುದು ಫ್ರೆಂಚ್ ಪಾಲಿನೇಷ್ಯಾದಲ್ಲಿ. ಆದ್ದರಿಂದ ಅಷ್ಟು ದೂರದ್ದೂ ಒಂದೇ ದೇಶದೊಳಗಿನ ಪ್ರಯಾಣ!

ಪುಟ್ಟಿ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಸಂಜೆ ಪಕ್ಕದ ಮನೆಯಿಂದ ಗ್ಲೋಬ್ ತಂದೆವು. ಅಡ್ಡಳತೆ 30 ಸೆಂ.ಮೀ. ಇದೆ. ಅವಳು ಮೊದಲು ಸುತ್ತಳತೆ ಲೆಕ್ಕ ಹಾಕಿದಳು, 94.2 ಸೆಂ.ಮೀ. ಆಮೇಲೆ ಭೂಮಿಯ ಸುತ್ತಳತೆ 40,030ನ್ನು ಅದರಿಂದ ಭಾಗಿಸಿದಳು. ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ದಾರ ಎಳೆದು ಅಳೆದಾಗ 36 ಸೆಂ.ಮೀ. ಬಂತು. ಗುಣಿಸಿದರೆ 15,300.

49 ಕಿ.ಮೀ. ಕಡಿಮೆ ಬಂತು ಅಂತ ಮುಖ ಸಣ್ಣ ಮಾಡಿಕೊಂಡಳು. ಒಂದು ಮಿಲಿಮೀಟರ್ ಅಂದರೇನೇ 42 ಕಿ.ಮೀ. ಅಂತ ಅವಳೇ ಆಮೇಲೆ ಕಂಡುಕೊಂಡಳು. ಈಗ ಪ್ರಾಜೆಕ್ಟಿನಲ್ಲಿ ಒಂದು ಅಂಕಿ ಅಲ್ಲ, ನಾಲ್ಕು ಅಂಕಿ ಬರೆದಿದ್ದಾಳೆ. ದಾರದ್ದು, ಸೂತ್ರದ್ದು, ಚಪ್ಪಟೆ ಭೂಮಿಯ ಲೆಕ್ಕದ್ದು, ಮಾಮ ಹಾರಿದ್ದು. ಪ್ರತಿಯೊಂದರ ಪಕ್ಕ ಇದು ಯಾವ ದೂರ ಅಂತ ಬರೆದಿದ್ದಾಳೆ.

ಗಣಿತ ಮೇಷ್ಟ್ರು

"ಚಪ್ಪಟೆ ಭೂಮಿ" ಅಂತ ಬರೆಯುವುದು ಬೇಡ ತಾಯಿ, ಓದಿದವರು ಬೇರೆ ತಿಳಿದುಕೊಳ್ಳುತ್ತಾರೆ. "ಧ್ರುವದಲ್ಲಿ ತುಸು ಅದುಮಿದ ಭೂಮಿ" ಅಂತ ಬರೆಯಲಿ. ಉಳಿದದ್ದು ತುಂಬಾ ಚೆನ್ನಾಗಿದೆ. 36 ಸೆಂ.ಮೀ. ಅಳೆದಿದ್ದಾಳೆ ಅಂದರೆ ಕೈ ಅಲುಗದ ಹಾಗೆ ಅಳೆದಿದ್ದಾಳೆ.

ಪುಟ್ಟಿ ಅಮ್ಮ

ತಿದ್ದಿಸಿದೆ ಮೇಷ್ಟ್ರೇ. ಅವಳು ಇನ್ನೂ ಗ್ಲೋಬ್ ಬಿಟ್ಟಿಲ್ಲ. ಶಾಂಘೈನಿಂದ ಬ್ಯೂನಸ್ ಐರಿಸ್‌ಗೆ ದಾರ ಹಿಡಿದಿದ್ದಾಳೆ. ದಾರ ಒಂದು ಕಡೆ ನಿಲ್ಲುತ್ತಿಲ್ಲವಂತೆ. ಆ ಕಡೆ ಎಳೆದರೂ, ಈ ಕಡೆ ಎಳೆದರೂ 46 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ. ತಾನು ಹಿಡಿದದ್ದು ತಪ್ಪಾ ಅಂತ ಕೇಳ್ತಿದ್ದಾಳೆ.

ಗಣಿತ ಮೇಷ್ಟ್ರು

ತಪ್ಪಿಲ್ಲ ಅಂತ ಹೇಳಿ. ಅವೆರಡು ಊರು ಭೂಮಿಯ ಎದುರುಬದುರು ತುದಿಗಳ ಬಹಳ ಹತ್ತಿರ ಇವೆ, ದೂರ ಸುಮಾರು 19,600 ಕಿ.ಮೀ. ಅಂಥ ಕಡೆ ಯಾವ ದಿಕ್ಕಿಗೆ ಹೊರಟರೂ ಹೆಚ್ಚುಕಡಿಮೆ ಅಷ್ಟೇ ದೂರ. ದೂರ ಲೆಕ್ಕ ಹಾಕಲು 1975ರಲ್ಲಿ ವಿನ್ಸೆಂಟಿ ಕೊಟ್ಟ ಹೆಸರಾಂತ ಸೂತ್ರವೂ ಇದಕ್ಕಿಂತಲೂ ಸರಿಯಾಗಿ ಎದುರುಬದುರಾದ ಜಾಗಗಳಲ್ಲಿ ಕೆಲವು ಸಲ ಉತ್ತರ ಸಿಗದೆ ಸುತ್ತುತ್ತಲೇ ಇರುತ್ತದೆ, ಪುಟ್ಟಿಯ ದಾರದ ಹಾಗೆ.